ಟರ್ಬೊ ಹೋಗಿದೆಯಂತೆ!

ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು, ಇರುವ ಹಳೇ ಡೀಸೆಲ್ ಕಾರು ಸ್ವಲ್ಪ ಎಳೆಯದಿದ್ದರೆ ಸಾಕು, ಗ್ಯಾರೇಜಿನಲ್ಲಿ ಒಂದೇ ಮಾತು: ‘ಟರ್ಬೊ ಹೋಗಿದೆ ಸಾರ್, ಬದಲಾಯಿಸಿ.’ ಅದೂ ಬಾನೆಟ್ ಎತ್ತುವ ಮೊದಲೇ! ಶಿರಾಡಿ ಘಾಟಿಯಲ್ಲಿ ನನ್ನ ಗಾಡಿ ಕಪ್ಪು ಹೊಗೆ ಉಗುಳಿತು, ಮೂರನೇ ಗೇರಲ್ಲೂ ಏದುಸಿರು. ನೋಡಿದರೆ, ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಪೈಪಿನಲ್ಲಿ, ಕ್ಲಾಂಪಿನ ಪಕ್ಕ, ಉಗುರಿನಷ್ಟು ಸೀಳು. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಆ ಸೀಳು ಸುಮ್ನೆ ಮುಚ್ಚಿಕೊಂಡಿರುತ್ತದೆ. ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುತ್ತದೆ. ಗಾಳಿಯೇ ಸೋರಿಹೋದರೆ ಡೀಸೆಲ್ ಪೂರ್ತಿ ಉರಿಯುವುದು ಹೇಗೆ? ಹೊಗೆ ಬರದೆ ಇನ್ನೇನು? ಪೈಪಿಗೆ ಗಾಳಿ ತುಂಬಿ ಸೋಪಿನ ನೀರು ಬಳಿದರೆ ಗುಳ್ಳೆಯೇ ಜಾಗ ತೋರಿಸುತ್ತದೆ. ಅಷ್ಟು ಮಾಡೋಕೂ ಯಾರಿಗೂ ಪುರುಸೊತ್ತಿಲ್ಲ. ಸ್ಕ್ಯಾನರ್ ಚುಚ್ಚಿ, ‘ಬೂಸ್ಟ್ ಕಡಿಮೆ’ (ಟರ್ಬೊ ಕೊಡುವ ಗಾಳಿಯ ಒತ್ತಡ ಸಾಲದು) ಅಂತ ಓದಿ, ಬಿಲ್ ಪುಸ್ತಕ ತೆಗೆಯುತ್ತಾರೆ. ಕಡಿಮೆ ಅಂತ ನನಗೂ ಗೊತ್ತು ಮಾರಾಯ್ರೇ, ಯಾಕೆ ಅಂತ ಹೇಳಿ!