ದಡ ಚೆನ್ನಾಗಿದೆ, ಕೆರೆ ಆಮೇಲೆ ನೋಡೋಣ

ಸುದ್ದಿ ನೀವೂ ಓದಿರುತ್ತೀರಿ, ಪೂರ್ತಿ ಹೇಳುವುದಿಲ್ಲ. ಊರಂಚಿನ ನಮ್ಮ ಕೆರೆಯ ಸುತ್ತ ವಾಕಿಂಗ್ ಟ್ರ್ಯಾಕ್ ಸಿದ್ಧವಾಗಿದೆ. ಫೋಟೋದಲ್ಲಿ ರಿಬ್ಬನ್ ಇದೆ, ಕತ್ತರಿ ಇದೆ, ಕತ್ತರಿ ಹಿಡಿದ ಕೈಗೆ ಆಸರೆಯಾಗಿ ಇನ್ನೂ ಹದಿನೈದು ಕೈಗಳಿವೆ. ಕೆರೆಯೊಂದು ಬಿಟ್ಟು ಎಲ್ಲ ಇದೆ. ಫೋಟೋಗ್ರಾಫರ್ ಜಾಣ, ಅದಕ್ಕೆ ಬೆನ್ನು ಹಾಕಿ ನಿಂತು ತೆಗೆದಿದ್ದಾನೆ.

ಯಾವ ಕೆರೆ ಅನ್ನುವುದು ಬೇಡ. ಚಿತ್ರದುರ್ಗದವರಿಗೆ ಗೊತ್ತು. ದಾವಣಗೆರೆಯವರು ತಮ್ಮೂರಿನದೇ ಇರಬೇಕು ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ.

ಬಾಗಿಲಲ್ಲೇ ಬೋರ್ಡು: ‘ಸುಲಭ ನಡಿಗೆ ಪಥ, ಹಿರಿಯ ನಾಗರಿಕರಿಗೂ ಅನುಕೂಲ’. ಸುಳ್ಳಲ್ಲ. ಏರಿಲ್ಲ, ಇಳಿವಿಲ್ಲ, ಕಾಲಿಗೆ ಕಲ್ಲು ಸಿಗುವುದಿಲ್ಲ. ಹುಟ್ಟಿದಾಗಿನಿಂದ ಬಂಡೆ ಹತ್ತಿ ಇಳಿದು ಮಂಡಿ ಸವೆಸಿಕೊಂಡ ಊರಿಗೆ ಇಷ್ಟು ಸಪಾಟು ದಾರಿ ಸಿಕ್ಕಿದ್ದು ಪುಣ್ಯ. ಆದರೆ ಅಲ್ಲಿಗೆ ನಡೆದು ಹೋಗುವ ಹಾಗಿಲ್ಲ. ಊರೊಳಗಿನ ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್ ಇದೆ, ಮೆಣಸಿನಕಾಯಿ ಬಜ್ಜಿ ಗಾಡಿ ಇದೆ, ಮುರಿದ ಚಪ್ಪಡಿಯ ಕೆಳಗೆ ಬಾಯಿ ತೆರೆದ ಚರಂಡಿ ಇದೆ. ಊರು ದಾಟಿದರೆ ಅದಿರು ಲಾರಿಗಳು. ಹಾಗಾಗಿ ನಡೆಯಬೇಕೆನ್ನುವವರೆಲ್ಲ ಕಾರಿನಲ್ಲಿ ಬರುತ್ತಾರೆ. ಡಾಕ್ಟರು ದಿನಾ ನಡೀರಿ ಅಂದಿದ್ದಕ್ಕೆ ಪೆಟ್ರೋಲ್ ಹಾಕಿಸುವ ಊರು ನಮ್ಮದು.

ಒಳಗೆ ಹೋದರೆ ಮೊದಲು ಸಿಗುವುದು ಶಂಕುಸ್ಥಾಪನೆಯ ಕಲ್ಲು, ಅದರ ಪಕ್ಕದಲ್ಲಿ ಉದ್ಘಾಟನೆಯ ಕಲ್ಲು, ಅದರ ಪಕ್ಕದಲ್ಲಿ ಓಪನ್ ಜಿಮ್ಮಿನ ಕಲ್ಲು. ಒಂದೊಂದರಲ್ಲೂ ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು. ಓದಿ ಮುಗಿಸುವಷ್ಟರಲ್ಲಿ ಅರ್ಧ ವಾಕಿಂಗ್ ಆದಂತೆಯೇ.

ಇಲ್ಲಿ ಚಂದ್ರವಳ್ಳಿಯ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಲ್ಲಿ ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ನಾಲ್ಕನೇ ಶತಮಾನದ್ದು, ಪ್ರಾಕೃತ ಭಾಷೆ, ಮೂರೇ ಸಾಲು. ಪುರಾತತ್ವಜ್ಞ ಡಾ. ಎಂ.ಎಚ್. ಕೃಷ್ಣ ಅವರು 1929ರ ಸುಮಾರಿಗೆ ಅಲ್ಲಿ ಅಗೆತ ಮಾಡಿಸಿದಾಗ ಓದಿದ್ದು. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಅನ್ನುವುದೊಂದು ಮಾತು, ಅವನು ಗೆದ್ದ ಪಲ್ಲವ, ಆಭೀರ, ಪುನ್ನಾಟ ಮುಂತಾದವರ ಪಟ್ಟಿ ಇನ್ನೊಂದು. ಮುಗಿಯಿತು. ಒಂದು ರಾಜವಂಶವನ್ನೇ ಹುಟ್ಟುಹಾಕಿದವನು ಮೂರು ಸಾಲಿಗೆ ನಿಲ್ಲಿಸಿದ. ಕಲ್ಲಿನಲ್ಲಿ ಹೆಸರು ಕೆತ್ತಿಸುವ ಚಪಲ ಅವನಿಗೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅವನು ಹಾಕಿಸಿದ್ದು ಸೋತವರ ಹೆಸರು. ಈಗ ಸೋತವರ ಹೆಸರನ್ನೂ ‘ಮಾಜಿ’ ಅಂತ ಸೇರಿಸಿ ಹಾಕದಿದ್ದರೆ ಶಿಷ್ಟಾಚಾರ ಉಲ್ಲಂಘನೆ, ವೇದಿಕೆಯ ಮುಂದೆ ಧರಣಿ. ಪಲ್ಲವರು ಧರಣಿ ಕೂತ ದಾಖಲೆ ಇಲ್ಲ. ಇನ್ನೊಂದು ಸಣ್ಣ ವ್ಯತ್ಯಾಸ: ಮಯೂರಶರ್ಮ ಕೆರೆ ಕಟ್ಟಿದ್ದಕ್ಕೆ ಕಲ್ಲು ಬರೆಸಿದ. ನಮ್ಮವರದು ಕೆರೆಯ ದಡಕ್ಕೆ ಟೈಲ್ಸ್ ಹಾಕಿದ ಕಲ್ಲು.

ಟ್ರ್ಯಾಕಿನ ಪಕ್ಕದಲ್ಲೇ ‘ಪಾರಂಪರಿಕ ಉದ್ಯಾನ’. ಪರಂಪರೆ ಎಲ್ಲಿಂದ ಬಂತು ಅಂದಿರಾ? ಫೈಬರಿನದು. ಮಹಾದ್ವಾರ ಫೈಬರಿನದು, ಬುರುಜು ಫೈಬರಿನದು, ಕಿಂಡಿಯಲ್ಲಿ ತಲೆ ಹಾಕಿದ ಸಿಪಾಯಿಯೂ ಫೈಬರಿನವನೇ. ಓಬವ್ವ ಸಿಮೆಂಟಿನವಳು, ಒನಕೆಯ ತುದಿಗೆ ಎಲ್‌ಇಡಿ ಬಲ್ಬು. ಇದನ್ನೆಲ್ಲ ನೋಡಿ ತಲೆ ಎತ್ತಿದರೆ ಎದುರಿಗೇ ಅಸಲಿ ಏಳುಸುತ್ತಿನ ಕೋಟೆ ಕಾಣುತ್ತದೆ. ಜನ ಅದಕ್ಕೆ ಬೆನ್ನು ತಿರುಗಿಸಿಕೊಂಡು ಫೈಬರ್ ಬಾಗಿಲ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಸಿಮೆಂಟಿನ ಬಂಡೆ. ಹೌದು, ಚಿತ್ರದುರ್ಗದಲ್ಲಿ, ದುಡ್ಡು ಕೊಟ್ಟು ಮಾಡಿಸಿದ ಬಂಡೆ. ಒಳಗೆ ಸ್ಪೀಕರ್ ಇಟ್ಟಿದ್ದಾರೆ. ಬೆಳಿಗ್ಗೆ ಭಾವಗೀತೆ, ಸಂಜೆ ಕಸ ವಿಂಗಡಣೆಯ ಪ್ರಕಟಣೆ.

ಉದ್ಯಾನದ ಇತಿಹಾಸ ಬೇಕಿದ್ದರೆ ಹೈದರಾಲಿಯನ್ನು ಕೇಳಬೇಕು. 1760ರಲ್ಲಿ ಬೆಂಗಳೂರಿನಲ್ಲಿ ಲಾಲ್‌ಬಾಗ್ ಶುರು ಮಾಡಿದ ಮನುಷ್ಯ 1779ರಲ್ಲಿ ನಮ್ಮ ಕೋಟೆ ಹಿಡಿದ. ಬೆಂಗಳೂರಿಗೆ ಹೂದೋಟ, ದುರ್ಗಕ್ಕೆ ಮುತ್ತಿಗೆ. ಅನುದಾನ ಹಂಚಿಕೆಯಲ್ಲಿ ಆ ಪದ್ಧತಿಯನ್ನು ಸರ್ಕಾರಗಳು ಇವತ್ತಿಗೂ ಬಿಟ್ಟಿಲ್ಲ. ದಾವಣಗೆರೆಯವರು ಸುಮ್ಮನೆ ಕೂರಲಿಲ್ಲ, ಲಾಲ್‌ಬಾಗಿನದಕ್ಕಿಂತ ದೊಡ್ಡ ಗಾಜಿನ ಮನೆ ನಮ್ಮದು ಅನ್ನುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಗಾಜಿನ ಮನೆ! ಬೆಣ್ಣೆ ದೋಸೆಯ ಊರಿನವರಿಗೆ ಕಾವಲಿಯ ಮೋಹ ಹೋಗುವುದಿಲ್ಲ.

ಇನ್ನು ಪೆಂಗ್ವಿನ್ನುಗಳು. ಟ್ರ್ಯಾಕಿನ ಉದ್ದಕ್ಕೂ ಬಾಯಿ ಬಿಟ್ಟುಕೊಂಡು ನಿಂತಿವೆ, ಹೊಟ್ಟೆಯ ಮೇಲೆ ‘ಯೂಸ್ ಮಿ’. ಹಿಮದಲ್ಲಿ ಬಾಳುವ ಹಕ್ಕಿಯನ್ನು ತಂದು ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯ ನೆಲದಲ್ಲಿ ನಿಲ್ಲಿಸಿ, ಅದರ ಗಂಟಲಿಗೆ ಗುಟ್ಕಾ ಪೊಟ್ಟಣ ತುರುಕುವ ಐಡಿಯಾ ಮೊದಲು ಯಾರಿಗೆ ಹೊಳೆಯಿತೋ! ದೇಶದ ಯಾವ ಪಾರ್ಕಿಗೆ ಹೋದರೂ ಇದೇ ಪೆಂಗ್ವಿನ್. ನಮಗೆ ನಮ್ಮದೇ ಕರಡಿ ಇರಲಿಲ್ಲವೇ? ಜೋಗಿಮಟ್ಟಿ ಕಾಡಿನಿಂದ ಇಳಿದು ಆಗಾಗ ಊರಂಚಿಗೂ ಬಂದುಹೋಗುವ ಪ್ರಾಣಿ, ಬಾಯಿಯೂ ದೊಡ್ಡದು. ಪೆಂಗ್ವಿನ್ನಿನ ಬಾಯಿಗೆ ಊಟದ ತಟ್ಟೆ ಹಿಡಿಸುವುದಿಲ್ಲ. ಹಾಗಾಗಿ ತಟ್ಟೆಯೆಲ್ಲ ಅದರ ಕಾಲ ಬುಡದಲ್ಲಿ, ನಾಯಿಗಳ ಸುಪರ್ದಿನಲ್ಲಿ. ನೀರ ಹತ್ತಿರ ಮೊದಲು ಬೆಳ್ಳಕ್ಕಿ ಕೂರುತ್ತಿದ್ದವು. ಪೆಂಗ್ವಿನ್ ಬಂದ ಮೇಲೆ ಜಾಗ ಖಾಲಿ ಮಾಡಿದವು ಅಂದರೆ ತಮಾಷೆಯಾಗುತ್ತದೆ. ಅಸಲಿಗೆ ಅವು ಹೋದದ್ದು ಕೆರೆಯ ನೀರು ನೋಡಿ.

ಬೇಲಿಯ ಹೊರಗೆ ಎಮ್ಮೆ ಹಿಡಿದು ನಿಂತ ಅಜ್ಜಿಯೊಬ್ಬರನ್ನು ಮಾತಾಡಿಸಿದೆ.

“ಎಮ್ಮೆ ಒಳಗೆ ಬಿಡಲ್ವಂತಾ ಅಜ್ಜೀ?”

“ಬಿಡಲ್ಲಂತೆ ಕಣಪ್ಪ, ಟೈಲ್ಸ್ ಹಾಳಾಗ್ತವಂತೆ. ಇದ್ರ ಅವ್ವನೂ ಅದ್ರ ಅವ್ವನೂ ಇದೇ ನೀರಾಗೆ ಬಿದ್ಕಂಡಿರವು. ಈಗ ಇದುಕ್ಕೆ ಚೀಟಿ ತಗಸ್ಬೇಕಾ?”

“ಹಿಂದ್ಲ ಕಡೆಯಿಂದ ಹೊಡ್ಕಂಡು ಹೋಗ್ಬಹುದಿತ್ತು.”

“ನಿನ್ನೆ ಹೊಡ್ದಿದ್ದೆ. ವಾಸ್ನೆ ನೋಡಿ ಅದೇ ವಾಪಸ್ ಬಂತು.”

ಎಮ್ಮೆ ವಾಪಸ್ ಬಂತು. ನಾವು ಹೋಗುತ್ತಿದ್ದೇವೆ, ಬೂಟು ಹಾಕಿಕೊಂಡು, ಕೈಗೆ ಹೆಜ್ಜೆ ಎಣಿಸುವ ವಾಚು ಕಟ್ಟಿಕೊಂಡು. ಪ್ರಾಣಾಯಾಮ ಬಲ್ಲವರಿಗೆ ಇದರಲ್ಲೊಂದು ಲಾಭವಿದೆ: ಚರಂಡಿ ಸೇರುವ ಮೂಲೆ ದಾಟುವವರೆಗೆ ಕುಂಭಕ ತಾನಾಗಿ ಸಿದ್ಧಿಸುತ್ತದೆ.

ಆ ಮೂಲೆಯ ಬಗ್ಗೆ ಮಾತ್ರ ತಮಾಷೆ ಮಾಡುವ ಶಕ್ತಿ ನನಗೆ ಉಳಿದಿಲ್ಲ. ಕೆರೆಗೆ ಮಳೆನೀರು ತರುತ್ತಿದ್ದ ಹಳ್ಳ ಎಲ್ಲಿ ಹೋಯಿತು ಎಂದು ಯಾರನ್ನು ಕೇಳಬೇಕು? ನಕ್ಷೆಯಲ್ಲಿ ಇದೆ. ನೆಲದ ಮೇಲೆ ಅದು ಬಡಾವಣೆ, ಥರ್ಟಿ-ಫಾರ್ಟಿ ಸೈಟು, ಒಂದು ಕಲ್ಯಾಣ ಮಂಟಪ. ಮಳೆಯ ನೀರು ಬರುವ ದಾರಿ ಮುಚ್ಚಿ, ಕಕ್ಕಸಿನ ನೀರು ಬರುವ ದಾರಿ ತೆರೆದು, ಅದರ ಸುತ್ತ ದೀಪದ ಕಂಬ ನೆಟ್ಟು ಚಪ್ಪಾಳೆ ಹೊಡೆಯಿರಿ ಅನ್ನುತ್ತಾರೆ. ಹೊಡೆದೆವು ಕೂಡ. ಈ ಊರಿನ ಕೋಟೆ ಕಟ್ಟಿದವರಿಗೆ ಇಂಜಿನಿಯರಿಂಗ್ ಡಿಗ್ರಿ ಇರಲಿಲ್ಲ. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಲ್ಲಿಂದ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಇಳಿಯುವ ಹಾಗೆ ಮಾಡಿದ್ದರು. ಬರದ ಸೀಮೆಯಲ್ಲಿ ಮುತ್ತಿಗೆ ಹಾಕಿದ ಸೈನ್ಯಕ್ಕೂ ನಮ್ಮನ್ನು ಬಾಯಾರಿಸಲು ಆಗಲಿಲ್ಲ. ಅವರು ಬಿಟ್ಟುಹೋದದ್ದು ಕಣ್ಣೆದುರಿಗೇ ಇದೆ, ಹತ್ತಿ ನೋಡಿದರೆ ಯಾರಿಗಾದರೂ ಅರ್ಥವಾಗುತ್ತದೆ. ಹತ್ತುವವರಿಲ್ಲ. ಸುಲಭ ನಡಿಗೆ ಪಥ ಬಂದಿದೆಯಲ್ಲ.

ಭದ್ರಾ ಮೇಲ್ದಂಡೆಯ ನೀರು ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. ಆ ಯೋಜನೆಯಲ್ಲಿ 367 ಕೆರೆ ತುಂಬಿಸುವ ಮಾತಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಘೋಷಣೆಯಾದಾಗ ಇಲ್ಲಿ ಪಟಾಕಿ ಹೊಡೆದದ್ದು ನೆನಪಿರಬೇಕು. ಆ ದುಡ್ಡಿಗಾಗಿ ಆಮೇಲೆ ಎಷ್ಟು ಧರಣಿ, ಎಷ್ಟು ಬಂದ್ ಆದವೆಂದು ರೈತ ಸಂಘದವರನ್ನು ಕೇಳಿ. ಇಂಥ ಜಿಲ್ಲೆಯಲ್ಲಿ ಬೇಗ ಮುಗಿಯುವ ನೀರಾವರಿ ಕೆಲಸ ಒಂದೇ, ಕೆರೆ ದಂಡೆಗೆ ಟೈಲ್ಸ್ ಹಾಕುವುದು.

ಜನಕ್ಕೆ ನೀರು ನೋಡುವ ಆಸೆ ಇಲ್ಲವೆಂದಲ್ಲ. 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ ಮತ್ತೆ 2022ರಲ್ಲಿ ಕೋಡಿ ಬಿದ್ದಾಗ ಆ ಅಣೆಕಟ್ಟು ಇರುವ ಮಾರಿಕಣಿವೆಗೆ ಹೋಗದ ಮನೆ ಈ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಮುದುಕರು ಮೊಮ್ಮಕ್ಕಳ ಹೆಗಲು ಹಿಡಿದು ಬಂದಿದ್ದರು. ಪೆಂಗ್ವಿನ್ ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ.

ಸರಿ, ಎರಡನೇ ಹಂತದ ಸುದ್ದಿಗೆ ಬರೋಣ. ಬೆಳಗಿನ ವಾಕಿಂಗ್ ಗುಂಪಿನವರು ಮನವಿ ಪತ್ರ ಕೊಟ್ಟಿದ್ದಾರೆ. ಹಳ್ಳ ಬಿಡಿಸಿಕೊಡಿ ಅಂತ ಇರಬಹುದು, ಚರಂಡಿ ತಿರುಗಿಸಿ ಅಂತ ಇರಬಹುದು ಎಂದು ಆಸೆಯಿಂದ ಓದಿದೆ. ಪಾರ್ಕಿಂಗ್ ಸಾಲದಂತೆ. ಬೇಡಿಕೆ ನ್ಯಾಯವಾದದ್ದೆಂದು ಒಪ್ಪಿ, ಕೆರೆಯಂಗಳದ ಒಣಗಿದ ಭಾಗದಲ್ಲೇ ಜಾಗ ಗುರುತಿಸಿ, ಮಣ್ಣು ತುಂಬಲು ಟಿಪ್ಪರ್‌ಗಳೂ ಬಂದಿವೆ. ಫುಡ್ ಕೋರ್ಟ್ ಆದರೆ ಅದಕ್ಕೂ ಒಂದಿಷ್ಟು ಜಾಗ ಅಲ್ಲೇ. ಒಂದು ಸುತ್ತಿನ ದೂರ ಇದರಿಂದ ಸಾಕಷ್ಟು ಕಡಿಮೆಯಾಗುತ್ತದೆ. ಮಂಡಿ ನೋವಿನವರು ಇನ್ನು ಸ್ವಲ್ಪ ದಿನ ತಡೆದುಕೊಳ್ಳಬೇಕು, ಅಷ್ಟೆ.