ಅಜ್ಜನ ಕತ್ತಿ, ನನ್ನ ಕೆನ್ನೆ

ಚಿಕ್ಕಮಗಳೂರಿನ ಜುಲೈ ಮಳೆಯಲ್ಲಿ ಅಟ್ಟ ಹತ್ತಬಾರದು. ಹೆಂಚು ಎಲ್ಲಿ ಸೋರುತ್ತಿದೆ ಅಂತ ನೋಡಲು ಹತ್ತಿದವನು ನಾನು. ಇಳಿಯುವಾಗ ಕೈಯಲ್ಲಿ ಅಜ್ಜನ ಕ್ಷೌರದ ಕತ್ತಿ ಇತ್ತು. ಹೆಂಚು ಈಗಲೂ ಸೋರುತ್ತಿದೆ.

ಮಡಚುವ ಕತ್ತಿ, ಕಪ್ಪು ಹಿಡಿ. ತುಕ್ಕನ್ನು ಉಗುರಿನಿಂದ ಕೆರೆದರೆ ಬುಡದಲ್ಲಿ ‘ಸೋಲಿಂಗೆನ್’ ಅಂತ ಕಂಡಿತು. ಕತ್ತಿ, ಚಾಕುಗಳಿಗೆ ನೂರಾರು ವರ್ಷದಿಂದ ಹೆಸರಾದ ಜರ್ಮನಿಯ ಊರು ಅದು. ಅಲಗಿನ ನಡುವೆ ಒಂದು ಮುಕ್ಕು, ಇಲಿ ಕಚ್ಚಿದ ಹಾಗೆ, ಒಂದು ಮಿಲಿಮೀಟರ್ ಆಳ. ನೋಡಿ ನನಗೆ ಕಣ್ಣು ತುಂಬಿತು. ಅಜ್ಜ ಯಾವ ಕಾಡುಪ್ರಾಣಿಯನ್ನು ಎದುರಿಸಿದ್ದರೋ! ಅಜ್ಜ ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಅವರು ಎದುರಿಸಿದ ದೊಡ್ಡ ಪ್ರಾಣಿ ಅಂದರೆ ತೋಟದ ಸಾಹುಕಾರರು. ಗೋಡೆಯ ಫೋಟೋದಲ್ಲಿ ಅಜ್ಜನಿಗೆ ಎದೆವರೆಗೂ ಗಡ್ಡ ಬೇರೆ. ಗಡ್ಡದವರಿಗೆ ಕ್ಷೌರದ ಕತ್ತಿ ಯಾಕೆ ಅಂತ ಆ ಕ್ಷಣಕ್ಕೆ ಹೊಳೆಯಲಿಲ್ಲ.

ಇದರಲ್ಲೇ ಗಡ್ಡ ಹೆರೆಯುತ್ತೇನೆ ಅಂತ ಘೋಷಿಸಿದೆ. ಹುಣಸೆಹಣ್ಣು ಹಚ್ಚಿದರೆ ಹಿತ್ತಾಳೆ ಚೊಂಬು ಫಳಫಳ ಹೊಳೆಯುತ್ತದಲ್ವಾ? ಕತ್ತಿಯನ್ನು ರಾತ್ರಿಯಿಡೀ ಹುಣಸೆ ರಸದಲ್ಲಿ ನೆನೆಹಾಕಿದೆ. ಹುಳಿ ತುಕ್ಕನ್ನು ತಿಂದಿತ್ತು, ಹೊಟ್ಟೆ ತುಂಬದೆ ಉಕ್ಕನ್ನೂ ನೆಕ್ಕಿತ್ತು. ಬೆಳಗ್ಗೆ ಕತ್ತಿ ಬೂದಿ ಬಣ್ಣ. ಹೆಂಡತಿ ಆ ರಸವನ್ನು ಸಾರಿಗೆ ಸುರಿಯುವಷ್ಟರಲ್ಲಿ ಓಡಿಹೋಗಿ ಚೆಲ್ಲಿದೆ. ಆಮೇಲೆ ವಾಟರ್ ಪೇಪರ್ ಹಿಡಿದು ಮೂರು ಸಂಜೆ ಉಜ್ಜಿದೆ. ಒಂದು ರಾತ್ರಿ ಎಣ್ಣೆ ಸವರೋದು ಮರೆತೆ, ತುಕ್ಕು ವಾಪಸ್. ನಮ್ಮ ಮಳೆಗಾಲದಲ್ಲಿ ಕಬ್ಬಿಣ ಬಿಡಿ, ಕೊಬ್ಬರಿಗೇ ಬೂಷ್ಟು ಬರುತ್ತೆ.

ಮುಕ್ಕು ತೆಗೆಸಲು ವೆಲ್ಡಿಂಗ್ ಅಂಗಡಿಗೆ ಹೋದೆ. ‘ಗ್ರೈಂಡರ್‌ಗೆ ಕೊಡಿ ಸರ್, ಎರಡೇ ನಿಮಿಷ’ ಅಂದ ಹುಡುಗ. ಅಷ್ಟು ತೆಳು ಅಲಗು ಕಾದು ನೀಲಿಗೆ ತಿರುಗಿದರೆ ಅದರ ಗಡಸು ಹೋದಂತೆಯೇ. ಕತ್ತಿ ಕಿತ್ತುಕೊಂಡು ಬಂದು ಸಾಣೆಕಲ್ಲು ತರಿಸಿದೆ.

ಮುಕ್ಕನ್ನು ತುಂಬೋಕೆ ಬರಲ್ಲ. ಉಳಿದ ಅಲಗನ್ನೆಲ್ಲ ಸವೆಸಿ ಮುಕ್ಕಿನ ಮಟ್ಟಕ್ಕೆ ಇಳಿಸಬೇಕು. ಒಬ್ಬ ಹುಡುಗ ಫೇಲಾದ ಅಂತ ಇಡೀ ಕ್ಲಾಸನ್ನೇ ಫೇಲು ಮಾಡಿದ ಹಾಗೆ. ಮಸೆಯುವಾಗ ಕತ್ತಿಯ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಬೇಕು. ಎಷ್ಟು ಓರೆ ಹಿಡಿಯಬೇಕು ಅನ್ನೋ ಲೆಕ್ಕವನ್ನು ಬೆನ್ನಿನ ದಪ್ಪವೇ ನೋಡಿಕೊಳ್ಳುತ್ತೆ. ಆ ಬೆನ್ನು ಸವೆಯದಿರಲಿ ಅಂತ ಅದಕ್ಕೆ ಇನ್ಸುಲೇಷನ್ ಟೇಪ್ ಸುತ್ತಿದೆ. ಮೊದಲು 1000 ನಂಬರಿನ ಒರಟು ಕಲ್ಲು, ಆಮೇಲೆ 4000, 8000, ಕೊನೆಗೆ ಗಾಜಿನಂಥ 12000. ಡಬ್ಬದ ಮೇಲಿನ 12000 ನೋಡಿ ಅದೇ ಬೆಲೆ ಅಂದುಕೊಂಡ ಹೆಂಡತಿ ಎರಡು ದಿನ ಮಾತು ಬಿಟ್ಟಳು. ನಿಜವಾದ ಬೆಲೆ ಹೇಳಿ ಸಮಾಧಾನ ಮಾಡೋಣ ಅಂದರೆ, ಅದಕ್ಕೂ ಧೈರ್ಯ ಸಾಲಲಿಲ್ಲ.

ಕಲ್ಲಿನ ಕೆಲಸ ಮುಗಿದ ಮೇಲೆ ಚರ್ಮದ ಪಟ್ಟಿಯ ಮೇಲೆ ಎಳೆಯಬೇಕು. ಬೆನ್ನು ಮುಂದೆ, ಬಾಯಿ ಹಿಂದೆ. ತುದಿ ಮುಟ್ಟಿದಾಗ ಬೆನ್ನಿನ ಮೇಲೆ ಮಗುಚಿ ವಾಪಸ್ ಬರಬೇಕು. ನನ್ನ ಆಫೀಸ್ ಬೆಲ್ಟನ್ನು ಕಿಟಕಿ ಸರಳಿಗೆ ಕಟ್ಟಿ ಶುರು ಮಾಡಿದೆ. ಮೂವತ್ತು ಸಲ ಸರಿಯಾಗಿ ಮಗುಚಿದೆ. ಮೂವತ್ತೊಂದನೇ ಸಲ ಮಗ ಬಂದು ‘ಅಪ್ಪಾ’ ಅಂದ. ಬೆಲ್ಟು ಎರಡಾಯಿತು. ಕತ್ತಿ ಹರಿತವಾಗಿದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಮರುದಿನ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಕೆಲಸ ಮಾಡಿದೆ.

ಭಾನುವಾರ ಬಚ್ಚಲಲ್ಲಿ ನೊರೆ ಹಚ್ಚಿ ನಿಂತೆ. ಬಲಗೆನ್ನೆ ಬೆಣ್ಣೆ ತೆಗೆದ ಹಾಗೆ ಬಂತು. ಸರಸರ ಅನ್ನೋ ಸದ್ದು ಕೇಳಿ ಜಂಬ ಬಂತು. ಎಡಗೆನ್ನೆಗೆ ತಿರುಗಿದೆ, ಕರೆಂಟ್ ಹೋಯಿತು. ಗದ್ದ ಎಲ್ಲಿದೆ ಅಂತ ಕತ್ತಿಗೆ ಗೊತ್ತಾಯಿತು, ನನಗೆ ಗೊತ್ತಾಗಲಿಲ್ಲ. ಪಟಿಕ ಒತ್ತಿಕೊಂಡು, ಅರ್ಧ ಗಡ್ಡಕ್ಕೆ ಟವೆಲ್ ಸುತ್ತಿಕೊಂಡು, ಕೊಡೆ ಹಿಡಿದು ಸೆಲೂನಿಗೆ ಓಡಿದೆ.

ಸೆಲೂನಿನ ಅಣ್ಣ ಕತ್ತಿಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನ ಗದ್ದ ನೋಡಿದರು. ‘ಕತ್ತಿ ಬಹಳ ಚೆನ್ನಾಗಾಗಿದೆ ಸರ್’ ಅಂದರು, ಅಷ್ಟೇ. ಬ್ಲೇಡನ್ನು ಲಟಕ್ ಅಂತ ಅರ್ಧಕ್ಕೆ ಮುರಿದು ತಮ್ಮ ಕತ್ತಿಗೆ ಸಿಕ್ಕಿಸಿ, ನಾಲ್ಕು ನಿಮಿಷದಲ್ಲಿ ಉಳಿದರ್ಧ ಮುಗಿಸಿದರು. ಅಮೆರಿಕದಲ್ಲಿ ಜಿಲೆಟ್ ಅನ್ನುವವರು ಬಿಸಾಡುವ ಬ್ಲೇಡಿನ ರೇಜರ್ ಮಾರೋಕೆ ಶುರು ಮಾಡಿದ 1903ರಲ್ಲಿ ಹೋದದ್ದು ಬರೀ 51. ಮರುವರ್ಷ 90 ಸಾವಿರ ದಾಟಿತು. ಜನ ಯಾಕೆ ಮುಗಿಬಿದ್ದರು ಅಂತ ಆ ಕುರ್ಚಿಯಲ್ಲಿ ಕೂತಾಗ ಅರ್ಥವಾಯಿತು.

ಮನೆಗೆ ಬಂದು ಅಮ್ಮನಿಗೆ ತೋರಿಸಿದೆ. ‘ಮುಕ್ಕು ಹೋಯ್ತು ನೋಡಮ್ಮ. ಅಜ್ಜ ಯಾರ ಜೊತೆ ಹೊಡೆದಾಡಿದ್ರೋ!’

‘ಹೊಡೆದಾಟ ಎಂಥದ್ದೋ? ಅಡಕತ್ತರಿ ಕಾಣ್ಲಿಲ್ಲ ಅಂತ ನಾನು ಅದ್ರಲ್ಲಿ ಅಡಿಕೆ ಕತ್ತರಿಸೋಕೆ ಹೋಗಿದ್ದೆ. ಹೆದರಿಕೊಂಡು ಅಟ್ಟಕ್ಕೆ ಹಾಕಿಬಿಟ್ಟೆ. ನಿಮ್ಮಜ್ಜ ಪಾಪ, ಹುಡುಕಿ ಹುಡುಕಿ ಗಡ್ಡ ಬಿಟ್ಟರು.’

ಗೋಡೆಯ ಫೋಟೋ ಕಡೆ ನೋಡಿದೆ. ಅಮ್ಮ ಎಲೆಅಡಿಕೆ ತಟ್ಟೆ ಹತ್ತಿರ ಎಳೆದುಕೊಂಡು ಅದರಲ್ಲಿ ಏನೋ ತಡಕಾಡುತ್ತಿದ್ದಳು.

‘ಅಡಕತ್ತರಿ ಎಲ್ಲಿಟ್ಟೆ ಅಂತಾನೇ ನೆನಪಿಲ್ಲ ಕಣೋ. ಅದನ್ನ ಸ್ವಲ್ಪ ಇಲ್ಲಿ ಕೊಡು.’