ಟೊಮೆಟೊ ಮತ್ತು ರಬ್ಬರ್ ಬ್ಯಾಂಡು

ಮೊನ್ನೆ ಟೀವಿಯಲ್ಲಿ ಟೈ ಕಟ್ಟಿಕೊಂಡ ಮಹನೀಯರೊಬ್ಬರು ‘ಹವಾಮಾನ ಬದಲಾವಣೆಗೆ ಜಗ್ಗದ ಸ್ಥಿತಿಸ್ಥಾಪಕ ಪೂರೈಕೆ ಸರಪಳಿ’ ಅಂದರು. ಬಿಸಿಲು ಬರಲಿ ಮಳೆ ಬರಲಿ, ಹೊಲದಿಂದ ಅಡುಗೆಮನೆವರೆಗೆ ತರಕಾರಿ ತಪ್ಪದೆ ಬರಬೇಕು ಅಂತ ಅದರರ್ಥ. ಒಂದೇ ಉಸಿರಿಗೆ ಅಂದರು, ಹಲ್ಲು ಒಂದೂ ಉದುರಲಿಲ್ಲ. ಜಗ್ಗದೇ ಇರೋದು ಅದು ಹೇಗೆ ಸ್ಥಿತಿಸ್ಥಾಪಕ ಅಂತ ನಾವು ಕೇಳಬಾರದು. ಹೈಸ್ಕೂಲಿನಲ್ಲಿ ನಮ್ಮ ಮೇಷ್ಟ್ರು ರಬ್ಬರ್ ಬ್ಯಾಂಡು ಎಳೆದು ಬಿಟ್ಟು ಈ ಪಾಠ ಮಾಡುತ್ತಿದ್ದರು. ಬಿಟ್ಟದ್ದು ಪ್ರತಿಸಲವೂ ಮುಂದಿನ ಬೆಂಚಿನವನ ಕಿವಿಗೇ ಬೀಳುತ್ತಿತ್ತು. ಕೋಲಾರದ ಟೊಮೆಟೊ ರೈತನನ್ನು ಕಂಡಾಗೆಲ್ಲ ನನಗೆ ಆ ಕಿವಿ ನೆನಪಾಗುತ್ತದೆ.

2023 ಮರೆತಿಲ್ಲ ತಾನೆ? ಬಿಸಿಲೇರಿ, ಬಿಳಿನೊಣ ಕೂತು, ಎಲೆ ಮುದುಡಿ, ಉಳಿದಿದ್ದಕ್ಕೆ ಮಳೆ ಹೊಡೆದು ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತು. ಆಗ ಎಚ್ಚರವಾಯಿತು ನೋಡಿ ದೇಶಕ್ಕೆ! ಕೇಂದ್ರ ಸರ್ಕಾರವೇ ಹಣ್ಣು ಕೊಂಡು ದಿಲ್ಲಿಯಲ್ಲಿ ವ್ಯಾನು ನಿಲ್ಲಿಸಿ ಕೆಜಿಗೆ 90 ರೂಪಾಯಿಯಂತೆ ಮಾರಿತು. ನೇಪಾಳದಿಂದ ಟೊಮೆಟೊ ಬರುತ್ತಿದೆ ಅಂತ ಆಗಸ್ಟಿನಲ್ಲಿ ಲೋಕಸಭೆಯಲ್ಲೇ ಘೋಷಣೆಯಾಯಿತು. ಬುದ್ಧಿವಂತರಿಗೆಲ್ಲ ‘ಟೊಮೆಟೊ ಗ್ರ್ಯಾಂಡ್ ಚಾಲೆಂಜ್’ ಅಂತ ಹ್ಯಾಕಥಾನ್, ಅಂದರೆ ಉಪಾಯ ಹುಡುಕೋ ಸ್ಪರ್ಧೆ, ಇಟ್ಟರು. ನಮ್ಮಮ್ಮ ಸಾರಿಗೆ ಹುಣಸೆಹಣ್ಣು ಕಿವುಚಿ, “ಮೊದಲು ಇದನ್ನೇ ಹಾಕ್ತಿದ್ದದ್ದು ಕಣೋ” ಅಂದರು. ನನ್ನ ಪ್ರಕಾರ ಹ್ಯಾಕಥಾನ್ ಅಲ್ಲಿಗೇ ಮುಗಿದಿತ್ತು.

ಇದಕ್ಕೆ ಐದು ವರ್ಷ ಮೊದಲೇ, 2018ರ ಬಜೆಟ್ಟಿನಲ್ಲಿ, ಟೊಮೆಟೊ, ಈರುಳ್ಳಿ, ಆಲೂಗಡ್ಡೆ ಬೆಲೆ ಏಳದಂತೆ ಬೀಳದಂತೆ ಹಿಡಿಯಲು ‘ಆಪರೇಷನ್ ಗ್ರೀನ್ಸ್’ಗೆ 500 ಕೋಟಿ ಇಟ್ಟಿದ್ದರು. ಮೂರರ ಇಂಗ್ಲಿಷ್ ಮೊದಲಕ್ಷರ ಕೂಡಿಸಿ ‘ಟಾಪ್’ ಅಂದರು. ಬೆಲೆ ಅದನ್ನು ಆಜ್ಞೆ ಅಂತ ತಿಳಿದುಕೊಂಡಿತು.

ಹಾಗಂತ ಗಟ್ಟಿ ಸರಪಳಿ ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನಬೇಡಿ. ಒಂದಿದೆ. ಬೆಂಗಳೂರಿನವರು ರಾತ್ರಿ ಟೊಮೆಟೊ ಸಾರು ಉಣ್ಣುತ್ತೇವೆ, ಬೆಳಿಗ್ಗೆ ಫ್ಲಶ್ ಒತ್ತುತ್ತೇವೆ. ಆ ನೀರು ಎರಡು ಹಂತ ಶುದ್ಧವಾಗಿ, 2018ರಿಂದ, ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತದೆ. ಇಂಗಿ ಬೋರ್‌ವೆಲ್ಲಿಗೆ ಇಳಿಯುತ್ತದೆ, ಡ್ರಿಪ್ಪಿನಲ್ಲಿ ಗಿಡದ ಬುಡಕ್ಕೆ ಬರುತ್ತದೆ, ಹಣ್ಣಾಗಿ ಮತ್ತೆ ನಮ್ಮ ಸಾರಿಗೆ! ಮೂರನೇ ಹಂತವೂ ಶುದ್ಧ ಮಾಡಿ ಕಳಿಸಿ ಸ್ವಾಮಿ ಅಂತ ಕೋಲಾರದವರು ಕೇಳುತ್ತಲೇ ಇದ್ದಾರೆ. ಏನೇ ಇರಲಿ, ಮಳೆ ಕೈಕೊಟ್ಟೀತು, ನಾವು ಮಾತ್ರ ಒಂದು ದಿನವೂ ಕೈಕೊಟ್ಟಿಲ್ಲ.

ರೇಟು ಬಿದ್ದಾಗಿನ ಕಥೆ ಟೀವಿಗೆ ಬೇಡ. ಮುಳಬಾಗಿಲು ಕಡೆಯ ನನ್ನ ಪರಿಚಯದ ರೈತರೊಬ್ಬರು ಅಂಥದ್ದೊಂದು ದಿನ ಮಂಡಿಯ ಚೀಟಿ ತೋರಿಸಿದ್ದರು. ನಾಲ್ಕಾಗಿ ಮಡಚಿದ ಚೀಟಿ, ಬೆವರಿಗೆ ಅಕ್ಷರ ಹರಡಿತ್ತು. ಬಾಡಿಗೆ, ಕಮಿಷನ್, ಹಮಾಲಿ ಕಳೆದ ಮೇಲೆ ಬಿಡಿಸಿದ ಕೂಲಿಯೂ ಹುಟ್ಟಿರಲಿಲ್ಲ. ಸಸಿ, ಗೂಟ, ದಾರ, ಔಷಧಿ ಲೆಕ್ಕಕ್ಕೇ ಬರಲಿಲ್ಲ. ಆ ದಿನ ಯಾವ ವ್ಯಾನೂ ನಿಲ್ಲಲಿಲ್ಲ, ಯಾರೂ ಲೋಕಸಭೆಯಲ್ಲಿ ಎದ್ದು ನಿಲ್ಲಲಿಲ್ಲ. ಪೇಟೆಯವರು ಎರಡು ತಿಂಗಳು ಚಟ್ನಿ ಬಿಟ್ಟರೆ ಅದು ರಾಷ್ಟ್ರೀಯ ಬಿಕ್ಕಟ್ಟು. ಇವರು ಬೆಳೆಯನ್ನೇ ಬಿಟ್ಟು ಬಂದರೆ ‘ಮಾರುಕಟ್ಟೆಯ ಏರಿಳಿತ’. ಸಾಕಾಗಿದೆ ಮಾರಾಯ್ರೆ, ಈ ನಾಜೂಕು ಮಾತು ಕೇಳಿ ಕೇಳಿ ಸಾಕಾಗಿದೆ.

ಮರುವಾರ ಮಂಡಿಗೆ ಅಂತ ಹೊರಟವರು ದಾರಿಯಲ್ಲೇ ಫೋನಿನಲ್ಲಿ ರೇಟು ಕೇಳಿ ವಾಪಸ್ ಬಂದರಂತೆ. ಲೋಡನ್ನು ಬಾಕ್ಸು ಸಮೇತ ಹೈವೇ ಪಕ್ಕ ಬಿಟ್ಟು ಬಂದಿರಾ ಅಂದೆ.

“ಇಲ್ಲ ಸಾರ್, ಬಾಕ್ಸು ಮಂಡಿಯೋರ್ದು, ವಾಪಸ್ ಕೊಡ್ಬೇಕಲ್ಲ. ಹಣ್ಣು ಸುರಿದು ಬಾಕ್ಸು ತಂದೆ.”